ಮೂರು ಸುತ್ತು ಕಡಿಮೆಯಾದ ತಕ್ಕಡಿ

೧೯೯೮ರ ಜುಲೈ ೧೪, ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ಆ ಹೊತ್ತಿಗೆ ನನ್ನ ಕೊಕ್ಕೆಗೆ ಹತ್ತು ಕಿಲೋದ ತೂಕದ ಬಟ್ಟನ್ನು ನೇತುಹಾಕಿದರು. ನನ್ನ ಮುಳ್ಳು ಕೆಳಗಿಳಿದು, ಎರಡು ಸಲ ತುಯ್ದು, ಹತ್ತರ ಗೆರೆಯ ಮೇಲೆ ನಿಂತಿತು. ಕಾರ್ಖಾನೆಯ ಮೇಸ್ತ್ರಿ ಬಗ್ಗಿ ನೋಡಿ ತಲೆಯಾಡಿಸಿದ. ನನ್ನ ಹುಟ್ಟೆಂದರೆ ಅದೇ.

ನಾನು ಒಂದು ಸ್ಪ್ರಿಂಗ್ ತಕ್ಕಡಿ. ಉಕ್ಕಿನ ಕೊಳವೆ, ಹಿತ್ತಾಳೆಯ ಮುಖ, ಮುಖದ ಮೇಲೆ ಸೊನ್ನೆಯಿಂದ ಇಪ್ಪತ್ತರವರೆಗೆ ಗೆರೆಗಳು. ಒಳಗೆ ಇಪ್ಪತ್ತನಾಲ್ಕು ಸುತ್ತಿನ ಒಂದು ಸುರುಳಿ. ಭಾರ ಬಿದ್ದಷ್ಟು ಅದು ಹಿಗ್ಗುತ್ತದೆ, ಹಿಗ್ಗಿದಷ್ಟು ನಾನು ಹೇಳುತ್ತೇನೆ. ನನಗೆ ಗೊತ್ತಿರುವುದು ಇದೊಂದೇ ಕೆಲಸ.

ಮೊದಲು ನನ್ನನ್ನು ಕೊಂಡವನು ತುಮಕೂರಿನ ಗಂಗಣ್ಣ. ಸೈಕಲ್ ಮೇಲೆ ಬೀದಿ ಬೀದಿ ಸುತ್ತಿ ಹಳೇ ಪೇಪರ್, ಸೀಸೆ, ಕಬ್ಬಿಣ ಕೊಳ್ಳುತ್ತಿದ್ದ. ನಾಲ್ಕು ವರ್ಷ ನಾವಿಬ್ಬರೂ ನೆಟ್ಟಗೆ ಬದುಕಿದೆವು. ಆಮೇಲೆ ಒಂದು ಮಧ್ಯಾಹ್ನ ಅವನು ನನ್ನ ತಿರುಪು ಬಿಚ್ಚಿದ, ಸುರುಳಿಯನ್ನು ಹೊರಗೆಳೆದ, ಗರಗಸದಿಂದ ಮೂರು ಸುತ್ತು ಕತ್ತರಿಸಿದ. ಗಿಡ್ಡವಾದ ಸುರುಳಿಗೆ ತಂತಿಯ ತುಂಡೊಂದನ್ನು ಕಟ್ಟಿ, ಮುಳ್ಳು ಸರಿಯಾಗಿ ಸೊನ್ನೆಗೆ ಬರುವಂತೆ ಮಾಡಿ ಮುಚ್ಚಿದ.

ಸುತ್ತು ಕಡಿಮೆಯಾದ ಸುರುಳಿ ಬಿಗಿಯಾಗುತ್ತದೆ, ಮೊದಲಿನಷ್ಟು ಹಿಗ್ಗುವುದಿಲ್ಲ. ಅಂದಿನಿಂದ ಎಂಟು ಕಿಲೋ ಕಾಗದ ಹಾಕಿದರೆ ನಾನು ಏಳು ತೋರಿಸುತ್ತಿದ್ದೆ. ಖಾಲಿ ಇದ್ದಾಗ ನನ್ನಷ್ಟು ಪ್ರಾಮಾಣಿಕ ಬೇರೆ ಯಾರೂ ಇರಲಿಲ್ಲ.

ಇಪ್ಪತ್ತು ವರ್ಷ ಕಳೆಯಿತು. ಗಂಗಣ್ಣನ ಮಂಡಿ ಸವೆಯಿತು. ಸೈಕಲ್ ಮಾರಿ ಮಗಳ ಊರಿಗೆ ಹೊರಟ ದಿನ, ವರ್ಷವರ್ಷವೂ ತನಗೆ ರದ್ದಿ ಹಾಕುತ್ತಿದ್ದ ಹೇಮಲತಾ ಎಂಬ ಟೀಚರ ಮನೆಗೆ ಬಂದು ನನ್ನನ್ನು ಜಗುಲಿಯ ಮೇಲಿಟ್ಟ. ಮಕ್ಕಳಿಗೆ ತೋರಿಸೋಕೆ ಆಗುತ್ತೆ, ಇಟ್ಕೊಳ್ಳಿ ಅಂದ. ಆಕೆ ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ ಹೇಳುವವರು. ಸಂತೋಷಪಟ್ಟು ಕಾಫಿ ಕೊಟ್ಟರು. ಲೋಟ ಕೆಳಗಿಟ್ಟು ಗಂಗಣ್ಣ ನನ್ನ ಕಡೆ ನೋಡಿದ.

"ಮೇಡಮ್ನೋರೆ, ಇದು ಒಸಿ..." ಎಂದು ನಿಲ್ಲಿಸಿದ. ನನ್ನ ಸುರುಳಿ ಬಿಗಿಹಿಡಿದು ಕಾಯಿತು. "ಒಸಿ ಹಳೇದು," ಎಂದು ಎದ್ದು ಹೋದ.

ಹೇಮಲತಾ ನನ್ನನ್ನು ಒರೆಸಿ, ಬಾಗಿಲ ಚೌಕಟ್ಟಿನ ಮೊಳೆಗೆ ತೂಗುಹಾಕಿ, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು ನೋಡಿದರು. ಸೊನ್ನೆ. "ಶೂನ್ಯ ದೋಷ ಇಲ್ಲ," ಎಂದು ತಮಗೆ ತಾವೇ ಹೇಳಿಕೊಂಡರು. ಭಾರವಿಲ್ಲದಾಗ ಮುಳ್ಳು ಸೊನ್ನೆಯಲ್ಲಿದೆಯೇ ಎಂದು ನೋಡುವುದು ಪ್ರಯೋಗಶಾಲೆಯಲ್ಲಿ ಆಕೆ ಮೂವತ್ತು ವರ್ಷದಿಂದ ಮಕ್ಕಳಿಗೆ ಮೊದಲು ಕಲಿಸುವ ಪಾಠ. ಆ ಪಾಠದಲ್ಲಿ ನಾನು ಪಾಸಾದೆ.

ಆ ಫೆಬ್ರವರಿಯಲ್ಲಿ ಜಗುಲಿಯಲ್ಲಿ ಸಭೆಗಳು ಶುರುವಾದವು. ಒಂದೇ ಶಾಲೆಯ ನಾಲ್ವರು ಗೆಳತಿಯರು ಮೇ ತಿಂಗಳ ರಜೆಯಲ್ಲಿ ಹಿಮಾಲಯಕ್ಕೆ ಹೋಗುವುದು, ಬೆನ್ನ ಮೇಲೆ ಚೀಲ ಹೊತ್ತು ಐದು ದಿನ ನಡೆಯುವುದು ಎಂದು ತೀರ್ಮಾನವಾಗಿತ್ತು. ರೈಲಿನ ಟಿಕೆಟ್ ಫಿಲೋಮಿನಾ ಅವರ ಪಾಲು, ವ್ಯಾಯಾಮ ಶಿಕ್ಷಕಿ ರುದ್ರಾಂಬ ಅವರದು ಔಷಧಿ ಡಬ್ಬ ಮತ್ತು ಕಸರತ್ತು, ಪಟ್ಟಿಗಳೆಲ್ಲ ಹೇಮಲತಾ ಅವರವು. ನಾಲ್ಕನೆಯವರು ವನಜಾಕ್ಷಿ. ಇಪ್ಪತ್ತಾರು ವರ್ಷ ಭೂಗೋಳ ಹೇಳಿದವರು. ಕರಿಹಲಗೆಯ ಮೇಲೆ ಕಣ್ಣುಮುಚ್ಚಿ ಹಿಮಾಲಯದ ಮೂರು ಸಾಲುಗಳನ್ನು ಎಳೆಯಬಲ್ಲವರು. ಕೃಷ್ಣಾ ನದಿಯಿಂದ ಉತ್ತರಕ್ಕೆ ಕಾಲಿಟ್ಟವರಲ್ಲ.

ಅವರ ಸೊಂಟದಲ್ಲಿ ಒಂದು ಡಿಸ್ಕ್ ಜಾರಿತ್ತು. ಎರಡು ವರ್ಷದ ಹಿಂದೆ ಮೂರು ತಿಂಗಳು ಮಲಗಿದ್ದರು. ಡಾಕ್ಟರು ಬಹಳ ಯೋಚಿಸಿ ಒಪ್ಪಿದ್ದರು: ನಡೆಯಬಹುದು, ಆದರೆ ಬೆನ್ನ ಮೇಲೆ ಏಳು ಕಿಲೋ, ಅದರ ಮೇಲೆ ಬೇಡ. ಕಾಲು ಜೋಮು ಹಿಡಿದರೆ ಅಲ್ಲಿಗೆ ಮುಗಿಯಿತು, ಮತ್ತೆ ಆಸೆಪಡಬಾರದು.

ಹಾಗಾಗಿ ಪ್ರತಿ ಭಾನುವಾರ ನಾಲ್ಕು ಚೀಲಗಳೂ ನನ್ನ ಕೊಕ್ಕೆಗೆ ಬರುತ್ತಿದ್ದವು. ಹೇಮಲತಾ ಪ್ರತಿ ಸಲ ಮೊದಲು ಸೊನ್ನೆ ನೋಡುತ್ತಿದ್ದರು. ಟವೆಲ್ಲನ್ನು ಅರ್ಧ ಕತ್ತರಿಸಿದರು. ಚಟ್ನಿಪುಡಿಯನ್ನು ಗಾಜಿನ ಸೀಸೆಯಿಂದ ಪ್ಲಾಸ್ಟಿಕ್ ಕವರಿಗೆ ಸುರಿದರು. ಬಾಚಣಿಗೆ ನಾಲ್ವರಿಗೂ ಒಂದೇ ಎಂದಾಗ ರುದ್ರಾಂಬ, "ಬ್ಯಾಗಿನ ತೂಕ ಎಷ್ಟು ಬೇಕಾದ್ರೂ ಇಳಿಸು ಕಣೇ ಹೇಮಾ, ನನ್ನ ತೂಕ ಮಾತ್ರ ಈ ಕೊಕ್ಕೆಗೆ ಹಾಕ್ಬೇಡ," ಅಂದರು. ವನಜಾಕ್ಷಿಯ ಸಾಮಾನನ್ನು ತಾವು ಹಂಚಿಕೊಳ್ಳುತ್ತೇವೆ ಎಂದು ಎಲ್ಲರೂ ಹೇಳಿದರು. ಆಕೆ ಒಪ್ಪಲಿಲ್ಲ. ಏಳು ಹೊರಬಹುದು ಅಂದಿದ್ದಾರೆ, ಏಳು ಹೊರುತ್ತೇನೆ ಎಂದರು.

ಏಪ್ರಿಲ್ ಮೊದಲ ಭಾನುವಾರ ಅವರ ಚೀಲ ಕೊನೆಯ ತೂಕಕ್ಕೆ ಬಂತು. ನೀರು ಎರಡು ಲೀಟರ್ ಸೇರಿ ಪೂರ್ತಿ ತುಂಬಿತ್ತು. ಅದು ಕೊಕ್ಕೆಗೆ ಬಿದ್ದ ಕ್ಷಣವೇ ನನಗೆ ತಿಳಿಯಿತು: ಎಂಟು. ನನ್ನ ಮುಳ್ಳು ಏಳರ ಮೇಲೆ ಹೋಗಿ ನಿಂತಿತು. ಇನ್ನೊಂದು ಗೆರೆ ಇಳಿಯಲು ನಾನು ಎಷ್ಟು ಎಳೆದುಕೊಂಡರೂ ಇಪ್ಪತ್ತೊಂದು ಸುತ್ತು ಇಪ್ಪತ್ತನಾಲ್ಕಾಗಲಿಲ್ಲ.

"ಏಳು. ಕರೆಕ್ಟಾಗಿ ಏಳು," ಎಂದು ಹೇಮಲತಾ ಪಟ್ಟಿಯಲ್ಲಿ ಬರೆದುಕೊಂಡರು.

ಮಾರನೆಯ ವಾರ ನಾಲ್ವರೂ ಚೀಲ ಹೊತ್ತು ಅಭ್ಯಾಸಕ್ಕೆಂದು ದೇವರಾಯನದುರ್ಗ ಹತ್ತಲು ಹೋದರು. ನಾನು ಚೌಕಟ್ಟಿನಲ್ಲಿ ನೇತಾಡುತ್ತಾ ಕಾದೆ. ಗಾಳಿಗೆ ಕೊಕ್ಕೆ ಅಲುಗಿದರೂ ನನಗೆ ಭಯವಾಗುತ್ತಿತ್ತು. ಮಧ್ಯಾಹ್ನ ಮೂರಕ್ಕೆ ಬಂದರು. ವನಜಾಕ್ಷಿಯ ಚೀಲ ರುದ್ರಾಂಬ ಅವರ ಹೆಗಲ ಮೇಲಿತ್ತು. ಅರ್ಧ ಬೆಟ್ಟದಲ್ಲಿ ಎಡಗಾಲು ತೊಡೆಯಿಂದ ಪಾದದವರೆಗೆ ಜೋಮು ಹಿಡಿದು, ಅಲ್ಲೇ ಬಂಡೆಯ ಮೇಲೆ ಕೂತುಬಿಟ್ಟರಂತೆ.

ಆಕೆ ಜಗುಲಿಯ ಕಂಬಕ್ಕೆ ಒರಗಿ, ಟಿಕೆಟ್ ರದ್ದು ಮಾಡಲು ಫಿಲೋಮಿನಾಗೆ ಹೇಳಿದರು. ಫಿಲೋಮಿನಾ ಒಂದು ವಾರ ನೋಡೋಣ ಅಂದರು.

"ಏನು ನೋಡೋದು? ಏಳು ಹೊರಬಹುದು ಅಂದ್ರು ಡಾಕ್ಟ್ರು, ಏಳೇ ಹೊತ್ತೆ, ಆಗ್ಲಿಲ್ಲ. ನನ್ನ ಬೆನ್ನು ಇನ್ನು ಅಷ್ಟೇ ಕಣ್ರೇ. ನೀವು ಮೂರು ಜನ ಹೋಗ್ಬನ್ನಿ."

ಚೀಲ ಹೆಚ್ಚು ಹೊರೆಯಾದದ್ದಕ್ಕಿಂತ ನನಗೆ ಇದು ಕಷ್ಟವಾಯಿತು. ನನ್ನ ಸುಳ್ಳನ್ನು ಆಕೆ ತನ್ನ ಬೆನ್ನಿನ ಸತ್ಯವೆಂದು ನಂಬಿದ್ದರು.

ಒಟ್ಟಿಗೆ ಬೇಕಾಗುವ ಸಾಮಾನನ್ನು ಉಳಿದವರಿಗೆ ಕೊಟ್ಟುಬಿಡುತ್ತೇನೆಂದು ಆಕೆ ಚೀಲವನ್ನು ನನ್ನ ಕೊಕ್ಕೆಗೇ ಹಾಕಿ ಬಿಚ್ಚತೊಡಗಿದರು. ಬೆಟ್ಟದಲ್ಲಿ ಕುಡಿದದ್ದು ರುದ್ರಾಂಬ ಅವರ ಬಾಟಲಿಯಿಂದ, ತಮ್ಮ ಎರಡು ಬಾಟಲಿ ತೆರೆದೇ ಇರಲಿಲ್ಲ. ಅವುಗಳ ನೀರನ್ನು ಮಲ್ಲಿಗೆ ಬಳ್ಳಿಗೆ ಸುರಿದು, ಖಾಲಿ ಬಾಟಲಿಗಳನ್ನು ವಾಪಸ್ ಚೀಲದೊಳಗೆ ತುರುಕಿದರು. ನನ್ನ ಮುಳ್ಳು ಏಳರಿಂದ ಮೇಲೇರಿ ಐದೂಕಾಲಕ್ಕೆ ನಿಂತಿತು. ಹೇಮಲತಾ ಅಭ್ಯಾಸಬಲದಿಂದ ನನ್ನ ಮುಖ ನೋಡುತ್ತಿದ್ದರು. ನೋಡಿ, ಪಟ್ಟಿ ಹಿಡಿದ ಕೈ ಕೆಳಗಿಳಿಸಿದರು.

"ವನಜಾ, ಎಷ್ಟು ನೀರು ಚೆಲ್ಲಿದೆ?"

"ಎರಡು ಲೀಟರ್. ಯಾಕೆ, ಅದನ್ನೂ ಬರ್ಕೋತೀಯಾ?"

"ಎರಡು ಲೀಟರ್ ಅಂದ್ರೆ ಎರಡು ಕಿಲೋ. ಇಲ್ಲಿ ಒಂದೂಮುಕ್ಕಾಲೇ ಇಳಿದಿದೆ."

ಒಳಗಿಂದ ಬಕೆಟ್ ತಂದರು. ಖಾಲಿ ಬಕೆಟ್ ತೂಗಿ, ಲೀಟರ್ ಬಾಟಲಿಯಿಂದ ಅಳೆದು ಹತ್ತು ಸಲ ನೀರು ತುಂಬಿ ಮತ್ತೆ ತೂಗಿದರು. ಬಕೆಟ್ಟಿನ ತೂಕ ಕಳೆದರೆ ಎಂಟೂಮುಕ್ಕಾಲು. ಸ್ಕ್ರೂಡ್ರೈವರ್ ಬಂತು. ನನ್ನ ಸುರುಳಿ ಇಪ್ಪತ್ತು ವರ್ಷದ ನಂತರ ಬೆಳಕು ಕಂಡಿತು. ಗರಗಸದ ಗುರುತು, ತಂತಿಯ ತುಂಡು. ಅವರು ಬೆರಳಿಟ್ಟು ಎಣಿಸುತ್ತಿದ್ದಾಗ ನನಗೆ ನಾಚಿಕೆಯೂ ಆಯಿತು, ಹಗುರವೂ ಆಯಿತು.

"ಎಂಟು ಕಿಲೋ ಹೊತ್ತಿದ್ದೀಯ ಕಣೇ," ಎಂದರು ಹೇಮಲತಾ. "ಸೊನ್ನೆ ಒಂದು ಸರಿಯಿದ್ರೆ ಸಾಕು ಅಂದ್ಕೊಂಡೆ. ನಾನೇ ಹೇರಿದೆ."

ವನಜಾಕ್ಷಿ ತಮ್ಮ ಎಡಗಾಲನ್ನು ಒಮ್ಮೆ ಚಾಚಿ, ಮಡಿಸಿ ನೋಡಿದರು. ಆಮೇಲೆ ಫಿಲೋಮಿನಾ ಕಡೆ ತಿರುಗಿ, ರದ್ದು ಮಾಡಿಬಿಟ್ಟಿಲ್ಲ ತಾನೆ ಎಂದು ಕೇಳಿದರು.

ಡಾಕ್ಟರು ಗದರಿ, ಎರಡು ವಾರ ವಿಶ್ರಾಂತಿ ಹೇಳಿದರಂತೆ. ಹೊಸ ಎಲೆಕ್ಟ್ರಾನಿಕ್ ತೂಕದ ಯಂತ್ರ ಬಂತು. ಮೊದಲು ಐದು, ಆಮೇಲೆ ಆರು, ಕೊನೆಗೆ ನಿಜವಾದ ಏಳು ಹೊತ್ತು ಅದೇ ಬೆಟ್ಟವನ್ನು ಆಕೆ ತುದಿಯವರೆಗೆ ಹತ್ತಿದರು. ಇದೆಲ್ಲ ನನಗೆ ಕೇಳಿ ಗೊತ್ತು. ಅಷ್ಟರಲ್ಲಿ ನನ್ನನ್ನು ಶಾಲೆಯ ಪ್ರಯೋಗಶಾಲೆಯ ಬೀರುವಿಗೆ ಸೇರಿಸಿದ್ದರು. ಕೊರಳಿಗೆ ಚೀಟಿ: 'ತೋರಿಸುವ ತೂಕವನ್ನು ಎಂಟರಿಂದ ಗುಣಿಸಿ, ಏಳರಿಂದ ಭಾಗಿಸಿ.'

ಮೇ ಹದಿನೆಂಟಕ್ಕೆ ಅವರು ಹೊರಟರು. ಶಾಲೆಗೆ ರಜೆ, ಕಿಟಕಿ ಮುಚ್ಚಿತ್ತು. ಹೊಸ ಯಂತ್ರ ಸರಿಯಿರಬಹುದು, ಆದರೆ ಆ ಎಡಗಾಲು? ಹಿಮದಲ್ಲಿ ಬಂಡೆಯ ಮೇಲೆ ಕೂತುಬಿಟ್ಟರೆ ಇಳಿಸುವವರು ಯಾರು? ಕತ್ತಲ ಬೀರುವಿನಲ್ಲಿ ನನ್ನ ಮುಳ್ಳು ಸೊನ್ನೆಯ ಮೇಲೆ ಅಲುಗಾಡದೆ ನಿಂತಿತ್ತು. ಭಾರವಿಲ್ಲದಾಗ ಸರಿಯಾಗಿರುವುದು ದೊಡ್ಡ ಮಾತಲ್ಲ ಎಂದು ನನಗೆ ಅರ್ಥವಾದದ್ದು ಆ ದಿನಗಳಲ್ಲಿ.

ಜೂನ್ ಒಂದರ ಬೆಳಿಗ್ಗೆ ಬೀಗ ತೆಗೆದ ಸದ್ದಾಯಿತು. ವನಜಾಕ್ಷಿ ರೈಲು ನಿಲ್ದಾಣದಿಂದ ನೇರ ಬಂದಿದ್ದರು. ಮೂಗಿನ ಚರ್ಮ ಬಿಸಿಲಿಗೆ ಸುಲಿದಿತ್ತು, ಚೀಲ ಅವರ ಬೆನ್ನ ಮೇಲೇ ಇತ್ತು. ಹಿಂದೆಯೇ ಬಂದ ಹೇಮಲತಾ, ಮನೆಗೆ ಹೋಗಿ ಮಲಗೋದು ಬಿಟ್ಟು ಇದೇನೇ ಎಂದು ಬೈದರು. ವನಜಾಕ್ಷಿ ಬೀರು ತೆರೆದು, ನನ್ನನ್ನು ಕಿಟಕಿಯ ಸರಳಿಗೆ ತೂಗುಹಾಕಿ, ಬೆನ್ನಿನಿಂದ ಚೀಲ ತಾವೇ ಇಳಿಸಿ ಕೊಕ್ಕೆಗೆ ಹಾಕಿದರು. ಚಟ್ನಿಪುಡಿ, ಅವಲಕ್ಕಿ ಎಲ್ಲ ಖರ್ಚಾಗಿತ್ತು. ಮುಳ್ಳು ಐದೂಕಾಲಕ್ಕೆ ನಿಂತಿತು. ಚೀಟಿ ಓದಿ, ಬಾಯಲ್ಲೇ ಗುಣಿಸಿ, ಭಾಗಿಸಿ, ಆಕೆ ತೂಕವನ್ನು ಹೇಳಿದರು.

ಆರು ಕಿಲೋ.