ಚರಗಕ್ಕೆ ಹೊರಟ ಡಬ್ಬಿ

ಬಸವಲಿಂಗಪ್ಪನವರು ನಿವೃತ್ತರಾದ ಮೇಲೆ ಮಾಡಿದ ಮೊದಲ ಕೆಲಸ ಟ್ರೇಲರ್ ಕೊಂಡದ್ದು. ಅಲ್ಲಿಂದಾಚೆ ಅವರಿಗಿದ್ದ ಒಂದೇ ಕೆಲಸವೆಂದರೆ, ಅದನ್ನು ಕೊಂಡದ್ದು ತಪ್ಪಲ್ಲವೆಂದು ಮನೆಯವರೆದುರು ವಾದಿಸುವುದು. ಧಾರವಾಡದ ಹತ್ತಿರ ಒಕ್ಕಲುತನದ ಮನೆಯಲ್ಲಿ ಹುಟ್ಟಿ, ನ್ಯೂಜೆರ್ಸಿಯ ಸೇತುವೆಗಳು ಎಷ್ಟು ಭಾರ ತಡೆದಾವೆಂದು ಲೆಕ್ಕ ಹಾಕುವ ಎಂಜಿನಿಯರಾಗಿ, ರೂಟ್ ಒನ್ನಿನ ಟ್ರಾಫಿಕ್ಕಿನಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವರು. ಇನ್ನಾದರೂ ಮನೆಯನ್ನು ಕಾರಿನ ಬೆನ್ನಿಗೆ ಕಟ್ಟಿಕೊಂಡು ಊರೂರು ತಿರುಗಬೇಕೆಂಬ ಹುಚ್ಚು ಅವರ ತಲೆ ಹೊಕ್ಕಿತ್ತು.

ಟ್ರೇಲರೇನೋ ಲಕ್ಷಣವಾಗಿಯೇ ಇತ್ತು. ಮುಂಭಾಗದಲ್ಲಿ ಮಂಚ, ನಡುವೆ ಬಚ್ಚಲು, ಹಿಂದಿನ ತುದಿಗೆ ಅಡುಗೆಮನೆ. ಹೆಂಡತಿ ಗುರುಸಿದ್ದಮ್ಮ ಮಾತ್ರ ಮೊದಲ ದಿನವೇ ಅದರ ಸುತ್ತ ಒಂದು ಸುತ್ತು ಹಾಕಿ, “ಡಬ್ಬಿ ಇದ್ದಂಗ ಐತಿ” ಎಂದುಬಿಟ್ಟರು. ಆ ಹೆಸರೇ ನಿಂತಿತು.

ಡಬ್ಬಿಯ ಪ್ರತಾಪ ಒಂದೆರಡಲ್ಲ. ಮೊದಲ ಸಲ ಸಮುದ್ರದಂಡೆಗೆ ಹೋದಾಗ ಪೈಪು ಒಡೆದು ಕುಡಿಯಲು ಹನಿ ನೀರಿಲ್ಲದಾಯಿತು. ಅಂದಿನಿಂದ ಒಲೆಯ ಪಕ್ಕ ನೀರಿನ ಕ್ಯಾನುಗಳು ಬಂದು ಕೂತವು. ಎರಡನೆಯ ಸಲ ಟರ್ನ್‌ಪೈಕ್ ಹೈವೇಯಲ್ಲಿ ಟೈರು ಸಿಡಿಯಿತು, ಸ್ಪೇರಿನಲ್ಲೂ ಗಾಳಿಯಿರಲಿಲ್ಲ. ಆಮೇಲೆ ಹಿಂದಿನ ಬಂಪರಿಗೆ ಇನ್ನೊಂದು ಸ್ಪೇರ್ ಟೈರು ಏರಿತು. ಮೂರನೆಯ ಸಲ ಪೊಕೊನೋಸ್ ಬೆಟ್ಟದಲ್ಲಿ ಗಾಡಿ ಕೆಟ್ಟು, ಅದನ್ನು ಎಳೆದೊಯ್ಯುವ ಟೋ ಟ್ರಕ್ಕಿಗೆ ಕಾಯುತ್ತ ಹಸಿದು ಕೂತದ್ದು ಗುರುಸಿದ್ದಮ್ಮನ ಮನಸ್ಸಿಗೆ ನಾಟಿತು. ಜೋಳದ ಹಿಟ್ಟಿನ ಮೂಟೆ, ಅಕ್ಕಿ ಚೀಲ, ಕಬ್ಬಿಣದ ಹಂಚು, ಕುಕ್ಕರುಗಳು, ಕಲ್ಲಿನ ಗ್ರೈಂಡರು, ಶೇಂಗಾ ಚಟ್ನಿಯ ಭರಣಿಗಳು ಎಲ್ಲವೂ ಡಬ್ಬಿಯ ಅಡುಗೆಮನೆಯಲ್ಲಿ ಸೇರಿಕೊಂಡವು. ಉಪವಾಸ ಸಾಯುವ ಭಯವೊಂದು ಹೋಯಿತು.

ಹೋಗದಿದ್ದದ್ದು ಓಲಾಟ. ಹೈವೇಯಲ್ಲಿ ವೇಗ ಹಿಡಿದರೆ ಸಾಕು, ಡಬ್ಬಿ ಹಿಂದಿನಿಂದ ಎಡಕ್ಕೆ ಬಲಕ್ಕೆ ಬೀಸತೊಡಗಿ ಕಾರನ್ನೂ ಅಲ್ಲಾಡಿಸುತ್ತಿತ್ತು. ಒಂದೊಂದು ಪ್ರಯಾಣಕ್ಕೂ ಅದು ಹೆಚ್ಚುತ್ತಲೇ ಹೋಯಿತು. ರಿಪೇರಿಗೆ ಒಯ್ದರೆ ಮೆಕ್ಯಾನಿಕ್ಕು ಓಡಿಸಿ ನೋಡಿ, “ಎಲ್ಲ ಸರಿಯಿದೆ” ಎನ್ನುತ್ತಿದ್ದ. ಅವನ ಕೈಯಲ್ಲಿ ಅದು ಹಸುವಿನ ಹಾಗೆ ಸುಮ್ಮನೆ ಹಿಂಬಾಲಿಸುತ್ತಿತ್ತು. ಬೂಟುಗಾಲಿನವರು ಓಡಾಡುವಲ್ಲಿ ತಮ್ಮ ಹಿಟ್ಟು ಬೇಳೆ ಇರಕೂಡದೆಂದು ಗುರುಸಿದ್ದಮ್ಮ ರಿಪೇರಿಗೆ ಬಿಡುವ ಮುನ್ನ ಅಡುಗೆಮನೆಯನ್ನು ಒಂದು ಚಮಚ ಬಿಡದೆ ಖಾಲಿ ಮಾಡಿಸುತ್ತಿದ್ದರು. ಮನೆಗೆ ತಂದು ಮತ್ತೆ ತುಂಬಿಸುತ್ತಿದ್ದರು.

ಮಗಳು ಕೀರ್ತಿಗೆ ಇದೆಲ್ಲ ಸಾಕಾಗಿತ್ತು. ಎಡಿಸನ್ನಿನಲ್ಲಿ ಡಾಕ್ಟರಾಗಿದ್ದ ಅವಳಿಗೆ ಆಸ್ಪತ್ರೆಯ ಫೋನಿಗಿಂತ ಅಪ್ಪನ ಫೋನೇ ಹೆಚ್ಚು ಭಯ ಹುಟ್ಟಿಸುತ್ತಿತ್ತು. ಅವಳೇ ಗಿರಾಕಿಯನ್ನು ಹುಡುಕಿದಳು. ಭಾನುವಾರ ಅವರು ಟ್ರೇಲರ್ ನೋಡಲು ಬರುವುದೆಂದಾಯಿತು.

“ಶನಿವಾರ ಒಂದು ಟ್ರಿಪ್ ಆಗಲಿ,” ಎಂದರು ಬಸವಲಿಂಗಪ್ಪ. “ನಿಮ್ಮವ್ವನ ಚರಗಕ್ಕ. ಅದೊಂದು ಸುಸೂತ್ರ ಆದ್ರ ಮಾರೂದು ಬ್ಯಾಡ.”

“ಆಂಡ್ ಇಫ್ ಯು ಕಾಲ್ ಎ ಟೋ ಟ್ರಕ್?”

“ಕರೆದ್ರ ಕೊಟ್ಟುಬಿಡೂದು. ನನ್ನ ಮಾತು.”

ಚರಗವೆಂದರೆ ಗುರುಸಿದ್ದಮ್ಮನಿಗೆ ಪ್ರಾಣ. ಶೀಗಿ ಹುಣ್ಣಿಮೆಗೆ ಚಕ್ಕಡಿ ಹೂಡಿ ಹೊಲಕ್ಕೆ ಹೋಗಿ, ಮಾಡಿದ ಅಡುಗೆಯ ಮೊದಲ ಪಾಲನ್ನು ಪೈರಿಗೆ ಚೆಲ್ಲಿ, ಆಮೇಲೆ ಎಲ್ಲರೂ ಬದುವಿನಲ್ಲಿ ಕೂತು ಉಣ್ಣುವುದು. ಭೂಮಿತಾಯಿ ಬಸುರಿ, ಅವಳಿಗೆ ಬಯಕೆಯೂಟ. ಅಮೆರಿಕಕ್ಕೆ ಬಂದ ಮೇಲೆ ಅವರು ಹಿತ್ತಲ ಹುಲ್ಲಿನ ಮೇಲೆ ನಾಲ್ಕು ಅಗುಳು ಚೆಲ್ಲಿ ಸಮಾಧಾನ ಮಾಡಿಕೊಂಡಿದ್ದರು. ಕಳೆದ ವರ್ಷ ಪೈನ್ ಐಲ್ಯಾಂಡ್ ಎಂಬ ಊರಿನ ಬಳಿ, ನ್ಯೂಯಾರ್ಕ್ ರಾಜ್ಯದ ಗಡಿ ದಾಟಿದೊಡನೆ, ದಾರಿಬದಿಯಲ್ಲಿ ಉಳ್ಳಾಗಡ್ಡಿ ಕೊಳ್ಳಲು ಇಳಿದಾಗ ಕಣ್ಣೆಟುಕುವವರೆಗೆ ಕಪ್ಪು ಮಣ್ಣು ಕಂಡಿತು. ಗುರುಸಿದ್ದಮ್ಮ ಬಗ್ಗಿ ಒಂದು ಹಿಡಿ ಎತ್ತಿ, “ಎರಿ ಹೊಲರೀ, ನಮ್ಮೂರಿನ್ಹಂಗ!” ಎಂದು ಅಲ್ಲೇ ಕಣ್ಣೀರು ಹಾಕಿದ್ದರು. ಹೊಲದ ಯಜಮಾನಿ, ಟ್ರ್ಯಾಕ್ಟರ್ ಓಡಿಸುವ ಮುದುಕಿ, ಇದೇನೆಂದು ಕೇಳಿ ತಿಳಿದುಕೊಂಡು, ಈ ವರ್ಷ ಹೊಲದಂಚಿಗೆ ಟ್ರೇಲರ್ ನಿಲ್ಲಿಸಿಕೊಳ್ಳಲು ಒಪ್ಪಿದ್ದಳು. ಕಾರಿನಲ್ಲಿ ಹೋಗಿ ಬಂದರಾಗದೇ ಎಂದರೆ ಗುರುಸಿದ್ದಮ್ಮ ಒಪ್ಪುವವರಲ್ಲ. ರೊಟ್ಟಿ ಅಲ್ಲೇ ಬಡಿಯಬೇಕು, ಬಿಸಿಯಾಗಿ ಚೆಲ್ಲಬೇಕು.

ಶನಿವಾರ ಬೆಳಗ್ಗೆ ಹೊರಟರು. 287ನೇ ಹೈವೇ ಹತ್ತಿ ಸ್ವಲ್ಪ ದೂರ ಹೋಗುವುದರಲ್ಲಿ ಒಂದು ದೊಡ್ಡ ಲಾರಿ ಪಕ್ಕದಿಂದ ಸುಂಯ್ ಎಂದು ದಾಟಿತು. ಡಬ್ಬಿ ಬಲಕ್ಕೆ ಬೀಸಿತು, ಎಡಕ್ಕೆ ಬೀಸಿತು, ಮತ್ತೆ ಬಲಕ್ಕೆ. ಬಸವಲಿಂಗಪ್ಪನವರ ಬೆನ್ನು ಬೆವರಿತು. ಗುರುಸಿದ್ದಮ್ಮ ಕೊರಳಿನ ಲಿಂಗದ ಕರಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, “ನಿಲ್ಲಸ್ರೀ, ನಿಲ್ಲಸ್ರೀ” ಎಂದರು. ಮೆಲ್ಲಗೆ ವೇಗ ಇಳಿಸಿ, ಮುಂದಿನ ಎಕ್ಸಿಟ್ಟಿನಲ್ಲಿ ಹೊರಳಿ, ಒಂದು ಅಂಗಡಿಯ ಪಾರ್ಕಿಂಗಿನ ಮೂಲೆಯಲ್ಲಿ ನಿಲ್ಲಿಸಿದರು.

ಅಪ್ಪನ ಕಾರು ಎಲ್ಲಿದೆಯೆಂದು ಫೋನಿನಲ್ಲಿ ನೋಡುತ್ತಲೇ ಇದ್ದ ಕೀರ್ತಿ ಕೂಡಲೇ ಕರೆದಳು. “ಅಪ್ಪಾ, ಯಾಕ ನಿಂತ್ರಿ? ಈಸ್ ಇಟ್ ಸ್ವೇಯಿಂಗ್ ಅಗೇನ್?”

ಸುಳ್ಳು ಹೇಳಲು ಅವರಿಗೆ ಮನಸ್ಸಾಗಲಿಲ್ಲ. “ಹೌದವ್ವಾ.”

“ದೆನ್ ಇಟ್ಸ್ ಓವರ್. ಪ್ಲೀಸ್. ಅಮ್ಮ ಕೂಡ ಕಾರಲ್ಲಿದಾರೆ. ಐ ಯಾಮ್ ಸೆಂಡಿಂಗ್ ಎ ಟೋ ಟ್ರಕ್.”

ಬಸವಲಿಂಗಪ್ಪ ಹೆಂಡತಿಯ ಮುಖ ನೋಡಿದರು. ಹೊಸ ಇಳಕಲ್ ಸೀರೆ, ಹಣೆ ತುಂಬ ವಿಭೂತಿ, ಮಡಿಲಲ್ಲಿ ಚರಗದ ಬುಟ್ಟಿ. ಆಕೆ ಸಿಟ್ಟೂ ಮಾಡಲಿಲ್ಲ, ಹಂಗಿಸಲೂ ಇಲ್ಲ. ಅದೇ ಅವರಿಗೆ ಹೆಚ್ಚು ನೋವಾಯಿತು. ಇನ್ನು ತಾವು ಸೋಫಾದಲ್ಲಿ ಕೂತು ಟಿವಿ ನೋಡುವ ಮುದುಕ, ಎಲ್ಲಿಗಾದರೂ ಹೋಗಬೇಕಾದರೆ ಮಗಳ ಕಾರಿನ ಹಿಂದಿನ ಸೀಟು. “ಆತು, ಕಳಸು,” ಎಂದು ಫೋನ್ ಇಟ್ಟರು.

ಟೋ ಟ್ರಕ್ಕು ಬರುವಷ್ಟರಲ್ಲಿ ಕಾರನ್ನು ಬಿಡಿಸಿಟ್ಟುಕೊಳ್ಳೋಣವೆಂದು ಗಾಲಿಗಳಿಗೆ ಅಡ್ಡ ಇಟ್ಟು, ಮುಂದಿನ ಜಾಕಿ ಇಳಿಸಿ, ಕೊಂಡಿ ಕಳಚಿ, ಕಾರನ್ನು ಮುಂದಕ್ಕೆ ಸರಿಸಿದರು. ಗುರುಸಿದ್ದಮ್ಮ, “ಮಸರಿನ ಗಡಿಗಿ ಏನಾತೋ ನೋಡ್ತೀನಿ,” ಎಂದು ಡಬ್ಬಿ ಹತ್ತಿ ಅಡುಗೆಮನೆಯತ್ತ ನಡೆದರು.

ಡಬ್ಬಿಯ ಮೂತಿ ಮೆಲ್ಲಗೆ ಮೇಲೆದ್ದಿತು. ಜಾಕಿ ನೆಲ ಬಿಟ್ಟಿತು. ಹಿಂದಿನ ಬಂಪರು ಧಡ್ ಎಂದು ಡಾಂಬರಿಗೆ ಕೂತಿತು. ಒಳಗೆ ಪಾತ್ರೆಗಳೆಲ್ಲ ಒಮ್ಮೆಗೇ ಹುಯಿಲಿಟ್ಟವು.

“ಅಯ್ಯ ಶಿವನ! ಏನ್ ಮಾಡಿದ್ರೀ?” ಗುರುಸಿದ್ದಮ್ಮ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದರು. ಅವರು ಮುಂದೆ ಬರುತ್ತಿದ್ದಂತೆ ಮೂತಿ ಮೆಲ್ಲಗೆ ಇಳಿಯಿತು. ಮೊಸರು ನೆನಪಾಗಿ ಹಿಂದಕ್ಕೆ ಓಡಿದರು. ಮೂತಿ ಮತ್ತೆ ಎದ್ದಿತು.

ಬಸವಲಿಂಗಪ್ಪ ಬಾಯಿ ತೆರೆದುಕೊಂಡು ನಿಂತರು. ಸಣ್ಣವರಿದ್ದಾಗ ಜೋಳದ ಚೀಲಗಳನ್ನು ಚಕ್ಕಡಿಯ ಹಿಂದಕ್ಕೆ ಒಟ್ಟಿದ್ದಕ್ಕೆ ಅವರಪ್ಪ ಬೆನ್ನ ಮೇಲೆ ಕೊಟ್ಟ ಗುದ್ದು ಥಟ್ಟನೆ ನೆನಪಾಯಿತು. ಹಿಂದೆ ಭಾರವಾದರೆ ನೊಗ ಮೇಲೆದ್ದು ಎತ್ತಿನ ಕುತ್ತಿಗೆ ಬಿಗಿಯುತ್ತದೆ, ಎತ್ತು ಕಾಲು ಊರಲಾಗದೆ ಒದ್ದಾಡುತ್ತದೆ. ಆ ಎತ್ತು ಈಗ ತಮ್ಮ ಕಾರು. ನೀರಿನ ಕ್ಯಾನು ಹಿಂದೆ, ಟೈರು ಹಿಂದೆ, ಹಿಟ್ಟು, ಅಕ್ಕಿ, ಗ್ರೈಂಡರು ಎಲ್ಲ ಹಿಂದೆ! ಒಂದೊಂದು ತೊಂದರೆಗೂ ಉಪಾಯವೆಂದು ತಾವೇ ಕೈಯಾರೆ ಬಾಲಕ್ಕೆ ಭಾರ ಕಟ್ಟಿದ್ದರು. ಪಾಪ, ಮೆಕ್ಯಾನಿಕ್ಕಿಗೆ ಖಾಲಿ ಗಾಡಿ ತೋರಿಸಿದ್ದರು. ಸೇತುವೆಗಳಿಗೆ ಭಾರದ ಪಾಠ ಹೇಳಿದ ಮನುಷ್ಯ ತಾವು! ಅವರಿಗೆ ನಗು ತಡೆಯಲಾಗಲಿಲ್ಲ. ಪಾರ್ಕಿಂಗಿನಲ್ಲಿದ್ದವರು ತಿರುಗಿ ನೋಡುವಷ್ಟು ಜೋರಾಗಿ ನಕ್ಕರು.

ಗುರುಸಿದ್ದಮ್ಮನ ಮುಖ ಕೆಂಪಾಯಿತು. “ನಾ ದಪ್ಪ ಅದೀನಂತ ನಗಾಕತ್ತೀರೇನು?”

“ನಿಂದಲ್ಲ ತಪ್ಪು, ನಿನ್ನ ಅಡುಗಿಮನೀದು! ಚಕ್ಕಡಿ ಹಿಂದ ಭಾರ ಆಗೇತಿ ನೋಡು. ನೊಗ ಎದ್ದೈತಿ!”

ಆಕೆಗೆ ಇನ್ನೊಂದು ಮಾತು ಬೇಕಾಗಲಿಲ್ಲ. ಎದ್ದ ಮೂತಿಯನ್ನು ನೋಡಿದರು, ಗಂಡನನ್ನು ನೋಡಿದರು, ಸೆರಗು ಸೊಂಟಕ್ಕೆ ಸಿಕ್ಕಿಸಿದರು. “ಹಂಗಾರ ನಿಂತು ಏನ್ ನೋಡ್ತೀರಿ? ಹೊರ್ರಿ.”

ಬಸವಲಿಂಗಪ್ಪ ಮೊದಲು ಕೀರ್ತಿಗೆ ಫೋನ್ ಮಾಡಿ ಟೋ ಟ್ರಕ್ಕು ಬೇಡವೆಂದರು. ಅವಳು ಒಪ್ಪಲಿಲ್ಲ. “ಕೇಳಿಲ್ಲಿ ತಂಗೀ,” ಎಂದರು, “ಒಮ್ಮಿ ಅಲುಗಾಡಿದ್ರೂ ನಾನ ನಿಲ್ಲಸ್ತೀನಿ, ನಾನ ಟ್ರಕ್ ಕರೀತೀನಿ. ನಿಮ್ಮವ್ವನ ಕೂಡಿಸಿಕೊಂಡು ಹುಚ್ಚಾಟ ಮಾಡೂದಿಲ್ಲ. ಆದ್ರ ರೋಗ ಗೊತ್ತಾತು. ಡಾಕ್ಟರ್ ಅದಿ, ರೋಗ ಗೊತ್ತಾದ ಮ್ಯಾಲೆ ಔಷಧ ಕೊಡೂದು ಬಿಟ್ಟು ಮಣ್ಣಿಗೆ ಹೊರಸ್ತಿಯೇನು?” ಆಚೆ ಕಡೆ ಕೀರ್ತಿಗೆ ನಗು ಬಂತು. “ಓಕೆ. ಐ ಯಾಮ್ ವಾಚಿಂಗ್ ದ ಮ್ಯಾಪ್,” ಎಂದಳು.

ಗಂಡ ಹೆಂಡತಿ ಇಬ್ಬರೂ ಸೇರಿ ಹಿಟ್ಟಿನ ಮೂಟೆ, ಅಕ್ಕಿ, ನೀರಿನ ಕ್ಯಾನು, ಗ್ರೈಂಡರು ಎಲ್ಲವನ್ನೂ ಮುಂದಿನ ಮಂಚದ ಕೆಳಗೆ ತಳ್ಳಿದರು. ಬಂಪರಿನ ಟೈರು ಬಿಚ್ಚಿ ಕಾರಿನೊಳಗೆ ಹಾಕಿದರು. ಬಸವಲಿಂಗಪ್ಪ ಮೂತಿಗೆ ಎರಡೂ ಕೈ ಕೊಟ್ಟು ಎತ್ತಿ ನೋಡಿದರು. ಜಪ್ಪಯ್ಯ ಅಂದರೂ ಏಳಲಿಲ್ಲ. ಕೊಂಡಿ ಮತ್ತೆ ಕೂಡಿಸಿ, ಭಾರ ತೀರ ಹೆಚ್ಚಾಗಿ ಕಾರಿನ ಹಿಂಭಾಗ ಕುಗ್ಗಿತೇ ಎಂದು ಬಗ್ಗಿ ನೋಡಿ, ಎರಡು ಕ್ಯಾನು ನಡುವಿಗೆ ಸರಿಸಿದ ಮೇಲೆ ಅವರಿಗೆ ಸಮಾಧಾನವಾಯಿತು.

ಮತ್ತೆ 287. ವೇಗ ಏರಿತು. ಗುರುಸಿದ್ದಮ್ಮ ಕಣ್ಣು ಮುಚ್ಚಿ ಕೂತಿದ್ದರು. ಹಿಂದಿನಿಂದ ಒಂದು ಲಾರಿ ಬರುವುದು ಕನ್ನಡಿಯಲ್ಲಿ ಕಂಡಿತು. ಬಸವಲಿಂಗಪ್ಪ ಉಸಿರು ಬಿಗಿಹಿಡಿದರು. ಲಾರಿ ಹತ್ತಿರ ಬಂತು, ಸಮಕ್ಕೆ ಬಂತು, ದಾಟಿತು. ಡಬ್ಬಿ ಅಲ್ಲಾಡಲಿಲ್ಲ. ಇನ್ನೊಂದು ದಾಟಿತು. ಆಗಲೂ ಅಲ್ಲಾಡಲಿಲ್ಲ.

“ದಾಟಿತೇನ್ರೀ?”

“ದಾಟಿತು. ಕಣ್ಣು ತೆಗಿ. ಗಿಡದ ಬಣ್ಣ ನೋಡು.”

ರಸ್ತೆಯ ಎರಡೂ ಬದಿ ಮೇಪಲ್ ಮರಗಳು ಕೆಂಪಾಗಿ ಉರಿಯುತ್ತಿದ್ದವು. ಬಸವಲಿಂಗಪ್ಪನವರಿಗೆ ಎಷ್ಟು ಖುಷಿಯಾಯಿತೆಂದರೆ, ಸೇತುವೆಯೊಂದು ಬಂದಾಗ ಅದರ ಮೇಲೆ ಕಾರಣವಿಲ್ಲದೆ ಹಾರ್ನ್ ಹೊಡೆದರು.

ಪೈನ್ ಐಲ್ಯಾಂಡಿನಲ್ಲಿ ಉಳ್ಳಾಗಡ್ಡಿ ಕಿತ್ತು ಮುಗಿದಿತ್ತು. ಕೋಸಿನ ಸಾಲುಗಳು ಮಾತ್ರ ಕಪ್ಪು ಮಣ್ಣಿನಲ್ಲಿ ಕೊಬ್ಬಿ ನಿಂತಿದ್ದವು. ಡಬ್ಬಿ ಹೊಲದಂಚಿಗೆ ನಿಂತೊಡನೆ ಒಳಗಿಂದ ರೊಟ್ಟಿ ಬಡಿಯುವ ಸದ್ದು ಶುರುವಾಯಿತು. ಎಣ್ಣೆಗಾಯಿ, ಪುಂಡಿಪಲ್ಯ, ಕಡಬು, ಮೊಸರನ್ನ ಬುಟ್ಟಿ ಸೇರಿದವು. ಊರಲ್ಲಿ ಕೂಗು ಹಾಕಿ ಚರಗ ಚೆಲ್ಲುತ್ತ ಮುಂದೆ ಹೋಗುವವರು ಗಂಡಸರು, ಹಿಂದಿನವರು ನೀರು ಚಿಮುಕಿಸುತ್ತ ಓಗೊಡುವರು. ಬಸವಲಿಂಗಪ್ಪ ಬುಟ್ಟಿಯನ್ನು ಹೆಂಡತಿಯ ಕೈಗೆ ಕೊಟ್ಟು, ತಾವು ನೀರಿನ ತಂಬಿಗೆ ಹಿಡಿದರು.

“ನಾನೇ?” ಎಂದರು ಗುರುಸಿದ್ದಮ್ಮ.

“ಮತ್ಯಾರು? ನೀ ಕೂಗು, ನಾ ಓಗೊಡ್ತೀನಿ.”

ಮೊದಲ ಕೂಗು ಗಂಡನಿಗಷ್ಟೇ ಕೇಳಿಸಿತು. ಎರಡನೆಯದು ಹೊಲದ ಆಚೆ ತುದಿ ಮುಟ್ಟಿತು. “ಹುಲ್ಲುಲ್ಲಿಗ್ಯೋ!” ಎಂದು ಅವರು ಒಂದು ಹಿಡಿ ಚೆಲ್ಲಿದರೆ, “ಚಲ್ಲಾಂಬ್ರಿಗ್ಯೋ!” ಎಂದು ಬಸವಲಿಂಗಪ್ಪ ಹಿಂದಿನಿಂದ ನೀರು ಚಿಮುಕಿಸಿದರು. ಯಜಮಾನಿ ಮುದುಕಿ ಟ್ರ್ಯಾಕ್ಟರ್ ಆಫ್ ಮಾಡಿ, ಟೋಪಿ ತೆಗೆದು ನಿಂತಳು. ಗುರುಸಿದ್ದಮ್ಮ ಅಳುತ್ತಿದ್ದರು, ಕೂಗುತ್ತಿದ್ದರು, ನಡೆಯುತ್ತಿದ್ದರು. ಮೊಣಕಾಲು ನೋವೆಂಬುದು ಅವರಿಗೆ ನೆನಪೇ ಇರಲಿಲ್ಲ.

ಯಜಮಾನಿಯೂ ಸೇರಿ ಮೂವರೂ ಬದುವಿನ ಮೇಲೆ ಕೂತು ಉಣ್ಣುವಾಗ ಫೋನ್ ಬಂತು. ಬಸವಲಿಂಗಪ್ಪ ಎತ್ತುವಷ್ಟರಲ್ಲಿ ಗುರುಸಿದ್ದಮ್ಮ ಎಡಗೈಯಿಂದ ಕಸಿದುಕೊಂಡರು.

“ಕೀರ್ತಿ, ನಾಳೆ ಬರೋರಿಗೆ ಬರಬ್ಯಾಡ್ರಿ ಅನ್ನು. ಮಾರೂದಿಲ್ಲ... ನಾ ಹೇಳಾಕತ್ತೀನಿ, ನಿಮ್ಮಪ್ಪ ಅಲ್ಲ. ಎಳ್ಳಮಾಸಿ ಚರಗಕ್ಕೂ ಬೇಕು ನನಗ.”

“ಅಮ್ಮಾ, ದಟ್ಸ್ ವಿಂಟರ್! ಅಲ್ಲಿ ಫುಲ್ ಸ್ನೋ ಇರತ್ತೆ!”

“ಇದ್ರ ಇರ್ಲಿ. ಸ್ನೋ ಇಲ್ಲದ ಊರಿಗೆ ಹೋಗ್ತೀವಿ. ಫ್ಲೋರಿಡಾ ಎಷ್ಟು ದೂರ ಐತ್ರೀ?” ಎಂದು ಗಂಡನತ್ತ ತಿರುಗಿದರು.

ಸಾವಿರ ಮೈಲಿಯ ದಾರಿ ಕಣ್ಣಮುಂದೆ ಬಂದು ಬಸವಲಿಂಗಪ್ಪನವರಿಗೆ ಕಡಬು ಗಂಟಲಲ್ಲಿ ಸಿಕ್ಕಿತು. ನೀರು ಕುಡಿದು, ಕಣ್ಣೊರೆಸಿಕೊಂಡು, “ಭಾಳ ದೂರೇನಿಲ್ಲ,” ಎಂದರು.