ಮೂರು ಬಾಯಿಯ ಜನ

"ಇದು ಯಾರ ಬಾಯಿ? ನಂದಾ, ನಮ್ಮಮ್ಮಂದಾ? ಹೇಳ್ರೀ!"

ಸ್ಟುಡಿಯೋದ ಗೋಡೆಗೆ ಅಂಟಿಸಿದ್ದ ಹಾಳೆಯನ್ನು ಹೆಂಡತಿ ಬೆರಳಿನಿಂದ ಕುಟ್ಟುತ್ತಿದ್ದಳು. ಚಿತ್ರಗಾರ ತಲೆ ತಗ್ಗಿಸಿ ಪೆನ್ಸಿಲ್ ಹೆರೆಯುತ್ತಿದ್ದ. ಅದು ಆಗಲೇ ಸೂಜಿಯಷ್ಟು ಚೂಪಾಗಿತ್ತು.

ಕಾರ್ಟೂನಿನಲ್ಲಿ ಮಾತಾಡುವವರಿಗೆಲ್ಲ ಮೊದಲೇ ಬಾಯಿ ಬರೆದಿಟ್ಟುಕೊಳ್ಳಬೇಕು. 'ಆ' ಎನ್ನಲು ಒಂದು, 'ಊ' ಎನ್ನಲು ಒಂದು, ತುಟಿ ಕೂಡುವ 'ಮ'ಕ್ಕೆ ಇನ್ನೊಂದು. ಹಾಳೆಯಲ್ಲಿ ಪಟ್ಟಣದ ರಾಜಕುಮಾರನಿಗೆ ಒಂಬತ್ತು ಬಾಯಿಗಳಿದ್ದವು. ಅವನ ನಾಯಿಗೆ ಐದು. ಗುಡ್ಡದ ಜನಕ್ಕೆ ಮೂರೇ: ಮುಚ್ಚಿದ್ದು, ತೆರೆದದ್ದು, ಹಲ್ಲು ಕಿರಿದದ್ದು.

ಹೆಂಡತಿ ಗುಡ್ಡದವಳು. ಕತೆಯಲ್ಲಿ ಬರುವ ಗುಡ್ಡದ ಅಜ್ಜಿಗೆ ದನಿ ಕೊಡಲು ಅವಳನ್ನು ಕರೆಸಿದ್ದರು. ಎಂಟು ದಿನ ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅಜ್ಜಿಯ ಮಾತುಗಳನ್ನು ಗುಡ್ಡದ ಭಾಷೆಯಲ್ಲಿ ಉರು ಹೊಡೆದು ಬಂದಿದ್ದಳು.

"ಹೇಳಿದ್ದನ್ನ ಬರೀತೀನಿ ಕಣೆ. ನನ್ನ ಕೈಲೇನಿದೆ?"

"ಪೆನ್ಸಿಲ್ ಇದೆಯಲ್ಲ!"

ಗದ್ದಲ ಕೇಳಿ ಸ್ಟುಡಿಯೋ ಮಾಲೀಕ ಬಂದ. ಗುಡ್ಡದ ಬುಡವನ್ನೂ ಮೆಟ್ಟದ ಆಸಾಮಿ. ಗುಡ್ಡದವರ ಬಗ್ಗೆ ಮಾತ್ರ ಪುರಾಣ ಹೇಳುವಷ್ಟು ಬಲ್ಲವನು.

"ಅಕ್ಕಾ, ಸಿಟ್ಟಾಗ್ಬೇಡಿ. ನಿಮ್ಮ ಮಾತು ಯಾರಿಗೆ ತಿಳಿಯುತ್ತೆ? ಸುಮ್ನೆ ಬುಳುಬುಳು ಅಂದ್ಬಿಡಿ. ಮಕ್ಕಳು ಬಿದ್ದು ಬಿದ್ದು ನಗ್ತಾರೆ."

"ನಾಯಿಗೆ ಐದು ಕೊಟ್ಟಿದ್ದೀರಲ್ಲ?"

"ನಾಯಿ ರಾಜಕುಮಾರನ ಕಡೇದಲ್ವಾ!" ತನ್ನ ಜೋಕಿಗೆ ತಾನೇ ಹೊಟ್ಟೆ ಕುಣಿಸಿ ನಕ್ಕ.

ಚಿತ್ರಗಾರನೂ ನಕ್ಕ. ಮಾಲೀಕ ನಕ್ಕಾಗ ನಗುವುದು ಅವನಿಗೆ ಇಪ್ಪತ್ತು ವರ್ಷದ ರೂಢಿ. ಹೆಂಡತಿ ಅದನ್ನು ನೋಡಿದಳು. ಹೊರಟುಹೋದಳು.

"ಹೋಗ್ಲಿ ಬಿಡ್ರೀ, ಬೇರೆಯವರನ್ನ ಕರೆಸೋಣ. ಬೇಕಾದ್ರೆ ಇನ್ನೊಂದು ಬಾಯಿ ಸೇರಿಸಿ, ಮನೆಯಾಕೆ ಸಮಾಧಾನಕ್ಕೆ," ಎಂದ ಮಾಲೀಕ ಧಾರಾಳವಾಗಿ.

ಚಿತ್ರಗಾರ ಹೊಸ ಹಾಳೆ ಎಳೆದುಕೊಂಡ. ಹೆಂಡತಿ ತನ್ನ ಭಾಷೆ ಆಡುವಾಗ ತುಟಿ ಹೇಗೆ ತಿರುಗುತ್ತದೆ ಎಂದು ನೆನಪಿಸಿಕೊಳ್ಳಲು ನೋಡಿದ. ಹೊಳೆಯಲಿಲ್ಲ. ಮದುವೆಯಾದ ಹೊಸದರಲ್ಲಿ ಅವಳು ತಾಯಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಾಗ, "ಏನೇ ಅದು, ಕೋಳಿ ಕೊಕ್ಕೊಕ್ ಅಂದ ಹಾಗೆ!" ಎಂದಿದ್ದ. ಮನೆಮಂದಿಯೆಲ್ಲ ನಕ್ಕಿದ್ದರು. ಅವತ್ತಿನಿಂದ ಅವಳು ಆ ಭಾಷೆ ಆಡಿದ್ದು ಬಾಗಿಲು ಹಾಕಿಕೊಂಡೇ. ಊರಿನ ಬಾಯಿಗಳನ್ನೆಲ್ಲ ಬರೆದ ಭೂಪ, ಹೆಂಡತಿಯ ಬಾಯಿಯನ್ನೇ ನೋಡಿರಲಿಲ್ಲ.

ಗೋಡೆಯ ಹಾಳೆ ಕಿತ್ತು ಮುದುಡಿದ. ಚಪ್ಪಲಿ ಮೆಟ್ಟಿದ.

"ಎಲ್ಲಿಗ್ರೀ?"

"ಹೋಗ್ತೀನಿ."

ಮಾಲೀಕ ತಲೆಯಾಡಿಸಿದ. 'ಹೋಗಿ ಬರ್ತೀನಿ' ಎನ್ನಲಿಲ್ಲವಲ್ಲ ಎಂಬುದು ಅವನಿಗೆ ಹೊಳೆದದ್ದು ವಾರ ಕಳೆದ ಮೇಲೆ.