ಎಡಮಗ್ಗುಲ ಗಾಯ

ಬೇಟೆಯಲ್ಲಿ ಅಖ್ತರಿ ಬೇಗಮರ ಪಾಲಿಗೆ ಬಂದಿದ್ದ ಕೆಲಸ ಒಂದೇ: ಕೂತ ಕಡೆ ಕೂತು ನೋಡುವುದು. ಎಪ್ಪತ್ತೊಂದರ ವಯಸ್ಸಿನಲ್ಲಿ ಅದಕ್ಕಿಂತ ಹೆಚ್ಚಿನದನ್ನು ಯಾರೂ ಅವರಿಂದ ಕೇಳಿರಲಿಲ್ಲ. ಆದರೆ ಆ ಒಂದು ಕೆಲಸವನ್ನು ಅವರಷ್ಟು ಚೆನ್ನಾಗಿ ಮಾಡುವವರೂ ಆ ಗುಡ್ಡದಲ್ಲಿರಲಿಲ್ಲ. ಮೈಸೂರಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಮೂವತ್ತು ವರ್ಷ ಸಸ್ಯಶಾಸ್ತ್ರ ಕಲಿಸಿದವರು. ಎಲೆಯಂಚಿನ ಹಲ್ಲುಗಳನ್ನು ಎಣಿಸಿ ಪಳಗಿದ ಕಣ್ಣಿಗೆ, ಓಕ್ ಮರದ ನೆರಳಲ್ಲಿ ಅಲುಗಿದ ಒಂದು ಕಿವಿ ಕಾಣದೆ ಹೋದೀತೆ?

೨೦೨೩ರ ನವೆಂಬರಿನ ಒಂದು ಶನಿವಾರ. ಸ್ಯಾನ್ ಡಿಯಾಗೋದಿಂದ ಪೂರ್ವಕ್ಕೆ ಒಂದು ಗಂಟೆ ದೂರದ ಲಗೂನಾ ಬೆಟ್ಟಗಳಲ್ಲಿ ಬೆಳಗಿನಿಂದ ಮೂವರು ಕೂತಿದ್ದರು. ನಲವತ್ತು ಹೆಜ್ಜೆ ಕೆಳಗೆ ಬಂದೂಕು ಹಿಡಿದು ಬೋರಲು ಮಲಗಿದ್ದವನು ಅವರ ಮಗ ಕಮರ್. ಅಖ್ತರಿ ಬೇಗಮರ ಪಕ್ಕದಲ್ಲಿ ಮಡಚುವ ಕುರ್ಚಿಯ ಮೇಲಿದ್ದವನು ಅವನ ಗೆಳೆಯ ಚನ್ನವೀರ. ಕಾಲೇಜಿನಲ್ಲಿ ಒಂದೇ ಬೆಂಚಿನವರು, ಈಗ ಕಮರ್ ಸ್ಯಾನ್ ಡಿಯಾಗೋದ ಟೆಲಿಕಾಂ ಕಂಪನಿಯಲ್ಲಿ, ಚನ್ನವೀರ ಲಾಸ್ ಏಂಜಲೀಸಿನ ವುಡ್‌ಲ್ಯಾಂಡ್ ಹಿಲ್ಸ್ ಆಫೀಸೊಂದರಲ್ಲಿ. ಶುಕ್ರವಾರ ಸಂಜೆಯ ಟ್ರಾಫಿಕ್ಕಿನಲ್ಲಿ ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಬಂದಿದ್ದ.

ಚನ್ನವೀರನ ವಿಷಯ ವಿಚಿತ್ರ. ಧಾರವಾಡದ ಲಿಂಗಾಯತರ ಹುಡುಗ, ಮೊಟ್ಟೆಯನ್ನೂ ಮುಟ್ಟಿದವನಲ್ಲ, ಬಂದೂಕಿನ ಲೈಸೆನ್ಸೂ ಇಲ್ಲ. ಆದರೆ ಬೇಟೆಯ ಸಾಮಾನಿನ ಹುಚ್ಚು ಕಮರ್‌ಗಿಂತ ಅವನಿಗೇ ಹೆಚ್ಚು. ಒಣಹುಲ್ಲಿನ ಬಣ್ಣದ ಅಂಗಿ, ದೂರ ಅಳೆಯುವ ಯಂತ್ರ, ಮುಕ್ಕಾಲಿಯ ಮೇಲಿನ ದೊಡ್ಡ ದುರ್ಬೀನು, ಸೊಂಟಕ್ಕೆ ಭಾರ ಇಳಿಸುವ ಚೌಕಟ್ಟಿನ ಬೆನ್ನುಚೀಲ, ಎಲ್ಲ ಅವನದೇ.

"ಆಂಟಿ, ಆ ದುರ್ಬೀನಿನ ಗಾಜು ಆಸ್ಟ್ರಿಯಾದ್ದ್ರೀ. ನನ್ನ ಮದುವೆಗೂ ಇಷ್ಟು ಖರ್ಚು ಮಾಡಿದ್ದಿಲ್ಲ," ಎಂದು ಪಿಸುಗುಟ್ಟಿದ.

"ನಿನ್ನ ಹೆಂಡತಿಗೆ ಗೊತ್ತೇನಪ್ಪ?"

"ಗೊತ್ತಾದ್ರ ಮುಂದಿನ ಶಿಕಾರಿ ನಂದ!"

ಕೆಳಗಿನಿಂದ ಕಮರ್ ಕೈ ಬೀಸಿದ. ಮಾತು ನಿಂತಿತು. ಎದುರು ಇಳಿಜಾರಿನ ನೆರಳಲ್ಲಿ ಗಂಡುಜಿಂಕೆಯೊಂದು ಮಲಗಿತ್ತು. ಬೆಳಿಗ್ಗೆ ಎಂಟಕ್ಕೇ ಅದನ್ನು ಕಂಡುಹಿಡಿದವರು ಅಖ್ತರಿ ಬೇಗಮ್. ಒಣಗಿದ ಕೊಂಬೆಗಳ ನಡುವೆ ಎರಡು ಕೊಂಬೆ ಮಾತ್ರ ಗಾಳಿಯ ಲೆಕ್ಕಕ್ಕೆ ಸಿಗದೆ ತಿರುಗಿದ್ದವು. ಎರಡೂ ಕಡೆ ಕವಲೊಡೆದ ಕೊಂಬು. ಇಲ್ಲಿನ ಕಾನೂನಿಗೆ ಒಂದು ಕಡೆ ಕವಲಿದ್ದರೂ ಸಾಕು. ಆದರೆ ಮಲಗಿದ ಜಿಂಕೆಯ ಮೈ ಪೊದೆಯ ಮರೆಯಲ್ಲಿತ್ತು, ಏಳುವವರೆಗೆ ಕಾಯಬೇಕು.

ಕಮರ್ ಕಾಯುತ್ತ ಬಂದದ್ದು ನಾಲ್ಕು ವರ್ಷ. ೨೦೨೦ರಲ್ಲಿ ಆಫೀಸು ಮುಚ್ಚಿ, ಮಾಂಸದಂಗಡಿಯ ಮುಂದೆ ಆರಾರು ಅಡಿಗೆ ಒಬ್ಬರಂತೆ ಜನ ನಿಂತಿದ್ದ ದಿನಗಳಲ್ಲಿ ಅವನಿಗೆ ಈ ಯೋಚನೆ ಹೊಳೆದಿತ್ತು: ಉಣ್ಣುವುದನ್ನು ನಾನೇ ತರಬೇಕು, ನನ್ನ ಬಾಯಿಂದಲೇ ದೇವರ ಹೆಸರು ಹೇಳಿ ತರಬೇಕು. ಅವರ ಮನೆಯಲ್ಲಿ ಪದ್ಧತಿ ಅದು. ಬಂದೂಕಿನ ಕುದುರೆ ಒತ್ತುವ ಮೊದಲು ಬಿಸ್ಮಿಲ್ಲಾ ಅನ್ನಬೇಕು. ಹಾಗೆ ಅಂದವನ ಗುಂಡಿಗೇ ಜೀವ ಹೋಗಿರಬೇಕು. ಅದರಲ್ಲಿ ಅನುಮಾನ ಬಂದರೆ ಆ ಮಾಂಸ ಅವರ ಒಲೆ ಏರುವುದಿಲ್ಲ. ಪ್ರತಿ ವರ್ಷ ಒಂದು ಜಿಂಕೆಗೆಂದು ಸರ್ಕಾರ ಕೊಡುವ ಟ್ಯಾಗ್ ತಂದ. ಪ್ರತಿ ವರ್ಷ ಅದು ಖಾಲಿಯೇ ಉಳಿಯಿತು. "ಈ ಸಲವೂ ಬೆಟ್ಟದ ಗಾಳಿ ತಾನೇ ತರೋದು?" ಎಂದು ಹೆಂಡತಿ ರಿಮ್ಶಾ ಛೇಡಿಸುವಾಗ ಅವನು ನಗುತ್ತಿದ್ದ. ಆ ನಗು ವರ್ಷದಿಂದ ವರ್ಷಕ್ಕೆ ಸವೆಯುತ್ತಿರುವುದು ತಾಯಿಗೆ ಕಂಡಿತ್ತು.

ಹನ್ನೊಂದಕ್ಕೆ ನೆರಳು ಸರಿಯಿತು. ಬಿಸಿಲು ಬೆನ್ನಿಗೆ ಬಿದ್ದೊಡನೆ ಜಿಂಕೆ ಮುಂಗಾಲಿನ ಮೇಲೆ ಎದ್ದಿತು. ಅಖ್ತರಿ ಬೇಗಮ್ ಒಮ್ಮೆ ಕೆಳಗೆ ನೋಡಿದರು. ಮಗನ ತುಟಿ ಅಲುಗಿತು. ತಟ್ಟನೆ ಕಣ್ಣನ್ನು ದುರ್ಬೀನಿಗೆ ಇಟ್ಟರು.

ಗುಂಡು ಹಾರಿತು. ಜಿಂಕೆಯ ಬೆನ್ನಿಗಿಂತ ಗೇಣುದ್ದ ಮೇಲೆ ಬಂಡೆಯೊಂದು ಬಿಳಿಯ ಪುಡಿ ಉಗುಳಿತು. ಜಿಂಕೆ ನಾಲ್ಕೂ ಕಾಲು ಒಟ್ಟಿಗೆ ಎತ್ತಿ ಪುಟಿಯುತ್ತ ಇಳಿಜಾರು ಏರಿತು. ಶಿಖರದಂಚಿನಲ್ಲಿ, ಇನ್ನೇನು ದಾಟಿಹೋಗಬೇಕು ಅನ್ನುವಾಗ, ನಿಂತು ಹಿಂತಿರುಗಿ ನೋಡಿತು. ಆ ಕ್ಷಣದಲ್ಲೇ ಕಣಿವೆಯ ಪಡುವಣ ತುದಿಯಿಂದ ಇನ್ನೊಂದು ಸದ್ದು. ಜಿಂಕೆಯ ಕಾಲು ಕುಸಿಯಿತು. ಉರುಳುತ್ತ ಬಂದು ಕೆಳಗಿನ ಒಣಹಳ್ಳದ ಪೊದೆಗಳ ಹಿಂದೆ ಮರೆಯಾಯಿತು.

ಕಮರ್ ಅದೊಂದನ್ನೂ ನೋಡಿರಲಿಲ್ಲ. ಬಂದೂಕಿನ ಒದೆಗೆ ಕಣ್ಣು ತಪ್ಪಿ, ಸಿಕ್ಕಿಕೊಂಡ ಖಾಲಿ ತೋಟಾ ಕಿತ್ತು ಇನ್ನೊಂದು ಗುಂಡು ಏರಿಸಿ ತಲೆ ಎತ್ತುವಷ್ಟರಲ್ಲಿ ಇಳಿಜಾರು ಬರಿದಾಗಿತ್ತು. ಎರಡನೆಯ ಸದ್ದನ್ನು ತನ್ನದೇ ಗುಂಡಿನ ಮಾರ್ದನಿ ಅಂದುಕೊಂಡಿದ್ದ. ಚನ್ನವೀರ ಉರುಳಿದ ಚಹಾ ಫ್ಲಾಸ್ಕಿನ ಹಿಂದೆ ಬಗ್ಗಿದ್ದ.

"ಅಮ್ಮೀ! ಬಿತ್ತಾ?" ಕಮರ್ ಕೂಗಿದ.

"ಬಿತ್ತು," ಎಂದರು. ಮುಂದಿನ ಮಾತು ಬಾಯಿಗೆ ಬರುವ ಮೊದಲೇ ಅವನು ಓಡತೊಡಗಿದ್ದ.

ಚನ್ನವೀರನ ಕೈ ಹಿಡಿದು ಅವರು ಹಳ್ಳಕ್ಕೆ ಇಳಿಯಲು ಅರ್ಧ ಗಂಟೆ ಬೇಕಾಯಿತು. ಜಾರುವ ಕಡೆಯೆಲ್ಲ ಆ ಹುಡುಗ ತನ್ನ ಹೊಸ ಬೂಟನ್ನು ಮೆಟ್ಟಿಲಿನ ಹಾಗೆ ಅಡ್ಡ ಇಟ್ಟ. "ತುಳೀರಿ ಆಂಟಿ, ಬೂಟು ಅದಕ್ಕ ಮಾಡ್ಯಾರ."

ಜಿಂಕೆಯ ಪಕ್ಕದಲ್ಲಿ ಕಮರ್ ಮಂಡಿಯೂರಿದ್ದ. ಸ್ವಲ್ಪ ದೂರದಲ್ಲಿ ಬಂಡೆಗೆ ಒರಗಿ, ಮಂಡಿಗೆ ಪಟ್ಟಿ ಕಟ್ಟಿದ ಕಾಲನ್ನು ಚಾಚಿ ಒಬ್ಬ ಮುದುಕ ಕೂತಿದ್ದ. ಮರದ ಹಿಡಿಯ ಹಳೆಯ ಬಂದೂಕು, ಮಾಸಿದ ಟೋಪಿ. ಹೆಸರು ಎರ್ನೆಸ್ಟೊ, ಬಂದರಿನ ಹಡಗುಕಟ್ಟೆಯಲ್ಲಿ ಬೆಸುಗೆ ಹಾಕುತ್ತಿದ್ದವನಂತೆ.

"ಅಮ್ಮೀ, ನೋಡಿ! ಇವರಿಗೆ ಹಳ್ಳ ಹತ್ತಿರವಂತೆ, ನನಗಿಂತ ಮುಂಚೆ ಇಲ್ಲಿಗೆ ಬಂದುಬಿಟ್ಟಿದ್ರು. ಇವರೂ ಹೊಡೆದ್ರಂತೆ, ತಪ್ತಂತೆ. ನಿನ್ನದೇ, ತಗೋ ಅಂದ್ರು."

ಮುದುಕ ಅವರತ್ತ ತಿರುಗಿ ಟೋಪಿ ಎತ್ತಿ ಇಂಗ್ಲಿಷಿನಲ್ಲಿ ಹೇಳಿದ: "ಒಳ್ಳೆಯ ಗುರಿ ನಿಮ್ಮ ಮಗನದು, ಮೇಡಮ್."

ಅಖ್ತರಿ ಬೇಗಮ್ ಅವನ ಮುಖ ನೋಡಿದರು. ಸುಳ್ಳು ಹೇಳಿದವನು ಕಣ್ಣು ತಪ್ಪಿಸುತ್ತಾನೆ, ಇವನು ತಪ್ಪಿಸಲಿಲ್ಲ. ಜಿಂಕೆಯ ಕಿವಿಗೆ ಅಂಟಿದ್ದ ಮುಳ್ಳುಗಳನ್ನು ಯಾರೋ ಬಿಡಿಸಿ ಪಕ್ಕದ ಕಲ್ಲಿನ ಮೇಲೆ ಗುಡ್ಡೆ ಹಾಕಿದ್ದರು. ಕತ್ತೆಯ ಕಿವಿಯಷ್ಟು ದೊಡ್ಡ, ತೆಳ್ಳಗಿನ ಕಿವಿ. ಬಿಡಿಸಿದವನು ಇವನೇ. ತನ್ನದೆಂದು ಬಿಡಿಸಿದ್ದ, ಓಡಿಬಂದ ಹುಡುಗನ ಮುಖ ನೋಡಿ ಕೊಟ್ಟುಬಿಟ್ಟಿದ್ದ.

ಕಮರ್ ಜೇಬಿನಿಂದ ಟ್ಯಾಗ್ ತೆಗೆದು ತೊಡೆಯ ಮೇಲೆ ನೇರ ಮಾಡಿಕೊಂಡ. ಪೆನ್ನಿನ ಮುಚ್ಚಳ ತೆಗೆದ. ದಿನಾಂಕ ಬರೆದು, ಕೊಂಬಿಗೆ ಕಟ್ಟಿದರೆ ಮುಗಿಯಿತು. ಆಮೇಲೆ ಇದು ಕಮರ್ ಹೊಡೆದ ಜಿಂಕೆ, ಕಾಗದದಲ್ಲೂ ಊರಲ್ಲೂ.

ಅಖ್ತರಿ ಬೇಗಮ್ ಲೆಕ್ಕ ಹಾಕಿದರು. ಹೇಳದಿದ್ದರೆ ಏನಾದೀತು? ಅರಿಯದೆ ಉಂಡವರಿಗೆ ದೋಷವಿಲ್ಲ. ಮಗ, ಸೊಸೆ, ಮೊಮ್ಮಗ ಅಯ್ಮಾನ್ ಸಂತೋಷದಿಂದ ಉಣ್ಣುತ್ತಾರೆ. ನಾನೊಬ್ಬಳು ಹೊಟ್ಟೆ ಸರಿಯಿಲ್ಲ ಅಂದರಾಯಿತು. ಕೊಟ್ಟವನೇ ಮನಸಾರೆ ಕೊಟ್ಟಿದ್ದಾನೆ. ಕೊಟ್ಟ ಉಡುಗೊರೆಯನ್ನು ಅವನೆದುರೇ ಬಿಚ್ಚಿ, ಇದರೊಳಗೆ ಇರುವುದು ಸುಳ್ಳು ಎಂದು ತೋರಿಸುವುದು ಯಾವ ಸೀಮೆಯ ಸಭ್ಯತೆ? ಆದರೆ ದೇವರ ಹೆಸರು ಹೇಳಿಯೇ ತರಬೇಕೆಂದು ನಾಲ್ಕು ವರ್ಷ ಬೆಟ್ಟ ಹತ್ತಿದವನಿಗೆ, ಆ ಹೆಸರು ತಾಕದ ಮಾಂಸವನ್ನು ಸುಮ್ಮನೆ ಉಣ್ಣಲು ಬಿಡುವುದು? ಅದೂ ಅವನ ತಾಯಿಯೇ?

ಪೆನ್ನು ಕಾಗದದ ಹತ್ತಿರ ಹೋಗಿ ನಿಂತಿತ್ತು. ಬರೆಯುತ್ತಿರಲಿಲ್ಲ.

"ಕಮರ್," ಎಂದರು. ಚನ್ನವೀರನಿಂದ ಮುಚ್ಚಿಡುವ ಮಾತಲ್ಲ, ಮುದುಕನಿಗೆ ತಿಳಿಯುವುದೂ ಬೇಡ. ಮನೆಯ ಉರ್ದು ಬಿಟ್ಟು ಕನ್ನಡದಲ್ಲೇ ಹೇಳಿದರು. "ಒಂದು ನಿಮಿಷ ಪೆನ್ನು ಇಳಿಸು. ನಾನು ನೋಡಿದ್ದು ಹೇಳ್ತೀನಿ."

ಅವನು ತಲೆ ಎತ್ತಲಿಲ್ಲ. "ಗೊತ್ತು, ಅಮ್ಮೀ."

"ಏನು ಗೊತ್ತು?"

"ಒಂದೇ ಗಾಯ. ಎಡಗಡೆ." ಜಿಂಕೆಯ ಪಕ್ಕೆಯ ಮೇಲೆ ಬೆರಳಿಟ್ಟ. "ನಾನು ಹೊಡೆದಾಗ ಅದರ ಬಲಮಗ್ಗುಲು ನನ್ನ ಕಡೆಗಿತ್ತು."

"ಓಡೋವಾಗ ತಿರುಗಿದ್ದೀತಪಾ," ಎಂದ ಚನ್ನವೀರ.

"ಅದನ್ನೇ ನಾನೂ ಹೇಳ್ಕೋತಿದ್ದೆ. ಓಡೋವಾಗ ತಿರುಗಿರಬಹುದು, ಗುಂಡು ಬಾಗಿರಬಹುದು. ಬಂದಾಗಿನಿಂದ ಎಷ್ಟು ಥಿಯರಿ ಮಾಡಿದ್ದೀನಿ ಗೊತ್ತಾ?" ಆಗ ತಾಯಿಯ ಕಡೆ ನೋಡಿದ. "ನನ್ನದು ಎಲ್ಲಿಗೆ ಹೋಯ್ತು?"

"ಬಂಡೆಗೆ. ಇಷ್ಟು ಮೇಲೆ." ಅವರು ಗೇಣು ತೋರಿಸಿದರು. "ಜಿಂಕೆ ತುದಿ ಹತ್ತಿ ನಿಂತು ತಿರುಗಿ ನೋಡ್ತು, ಆಗ ಇವರು ಹೊಡೆದ್ರು."

"ನೀವು ಬಾಯಿ ಬಿಡದಿದ್ರೆ ನಾನು ಬರೆದುಬಿಡ್ತಿದ್ನೇನೋ," ಎಂದ. ದನಿ ಚಿಕ್ಕ ಹುಡುಗನದಾಗಿತ್ತು. "ನಾಲ್ಕು ವರ್ಷ, ಅಮ್ಮೀ."

ಅವರು ಬಗ್ಗಿ ಅವನ ತಲೆಗೂದಲಿನಿಂದ ಒಂದು ಒಣ ಎಲೆ ತೆಗೆದರು. ಕಮರ್ ಪೆನ್ನಿಗೆ ಮುಚ್ಚಳ ಹಾಕಿ ಎದ್ದು ಮುದುಕನ ಮುಂದೆ ಹೋಗಿ ಕೂತ. ತಮ್ಮ ಪದ್ಧತಿಯನ್ನು ಇಂಗ್ಲಿಷಿನಲ್ಲಿ ನಾಲ್ಕೇ ಮಾತಿನಲ್ಲಿ ಹೇಳಿದ. ತನ್ನ ಗುಂಡು ಬಂಡೆಗೆ ತಾಗಿತೆಂದೂ ಹೇಳಿದ.

"ನಾನು ತಪ್ಪಿದೆ ಎಂದೆನಲ್ಲ," ಎಂದ ಎರ್ನೆಸ್ಟೊ.

"ನಿಂತ ಜಿಂಕೆಗೆ ನೀವು ತಪ್ಪುವವರಲ್ಲ, ಸರ್."

ಮುದುಕ ಸ್ವಲ್ಪ ಹೊತ್ತು ತನ್ನ ಮಂಡಿ ನೀವಿಕೊಂಡ. ಆಮೇಲೆ ನಕ್ಕ. "ನನ್ನನ್ನು ಸಂತನೆಂದು ತಿಳಿಯಬೇಡ. ಈ ಕಾಲು ನೋಡು. ಹೊಡೆದೆ, ಅದು ಈ ಹಾಳು ಹಳ್ಳಕ್ಕೆ ಬಂದು ಬಿತ್ತು. ರಸ್ತೆಗೆ ಒಂದೂವರೆ ಮೈಲಿ ಏರು. ಒಬ್ಬನೇ ಹೊತ್ತರೆ ಮಾಂಸ ಕೆಡುತ್ತದೆ, ಬಿಟ್ಟುಹೋದರೆ ಪಾಪ. ಏನು ಮಾಡಲಿ ಅಂತ ಕೂತಿದ್ದಾಗ ನೀನು ಹಬ್ಬದ ಮಗುವಿನ ಹಾಗೆ ಓಡಿಬಂದೆ. ಸರಿ, ಕಾಲಿರುವವನು ಒಯ್ಯಲಿ ಅಂದುಕೊಂಡೆ."

ಇದು ನಿಜವೋ, ತಾನು ಮಾಡಿದ ಉಪಕಾರವನ್ನು ಹಗುರ ಮಾಡುವ ಮಾತೋ, ಅಖ್ತರಿ ಬೇಗಮರಿಗೆ ತಿಳಿಯಲಿಲ್ಲ. ಎರಡೂ ಇರಬಹುದು ಅನ್ನಿಸಿತು. ಉಪಕಾರಗಳೆಲ್ಲ ಒಂದೇ ನೂಲಿನಲ್ಲಿ ನೇಯ್ದಿರುವುದಿಲ್ಲ.

"ಹಾಗಾದರೆ ಕಾಲು ನಮ್ಮದು, ಜಿಂಕೆ ನಿಮ್ಮದು," ಎಂದ ಕಮರ್.

ಎರ್ನೆಸ್ಟೊ ತನ್ನ ಟ್ಯಾಗ್ ತೆಗೆದು ಬರೆದು ಕೊಂಬಿಗೆ ಕಟ್ಟಿದ. ಚರ್ಮ ಎಲ್ಲಿ ಸೀಳಬೇಕು, ತೊಡೆಯ ಕೀಲು ಎಲ್ಲಿ ಬಿಡಿಸಿಕೊಳ್ಳುತ್ತದೆ, ಕೂತಲ್ಲಿಂದಲೇ ತೋರಿಸಿದ. ಕಮರ್ ಚಾಕು ಹಿಡಿದ. ಮಾಂಸ ತುಂಬಲು ಮುದುಕನ ಬಳಿ ಎರಡೇ ಚೀಲವಿದ್ದವು. ಅಖ್ತರಿ ಬೇಗಮ್ ಮನೆಯಲ್ಲೇ ಹಳೆಯ ವಾಯಿಲ್ ಸೀರೆ ಹರಿದು ಹೊಲಿದು ತಂದಿದ್ದ ನಾಲ್ಕು ಚೀಲಗಳನ್ನು ಕೊಟ್ಟರು. ಗಾಳಿಯಾಡುವ ತೆಳು ಬಟ್ಟೆ, ನೊಣ ಹೊಗದ ನೇಯ್ಗೆ. ಮುದುಕ ಹೊಲಿಗೆಯನ್ನು ತಿರುಗಿಸಿ ನೋಡಿದ. "ಬೆಸುಗೆ ಇಷ್ಟು ನೇರ ಹಾಕಿದ್ದರೆ ನನಗೆ ಬೇಗ ಬಡ್ತಿ ಸಿಗುತ್ತಿತ್ತು, ಮೇಡಮ್."

ಹೊರುವ ಹೊತ್ತಿಗೆ ಎಲ್ಲರೂ ಚನ್ನವೀರನ ಕಡೆ ನೋಡಿದರು. ಸೊಂಟಕ್ಕೆ ಭಾರ ಇಳಿಸುವ ಚೀಲ ಇದ್ದದ್ದು ಅವನಲ್ಲೇ.

"ಬೇಡಪ್ಪ, ನಿನಗೆ ಕಷ್ಟ. ಕಮರ್ ಎರಡು ಸಲ ಹೋಗಿ ಬರ್ತಾನೆ," ಎಂದರು ಅಖ್ತರಿ ಬೇಗಮ್.

ಚನ್ನವೀರ ಅಂಗಿಯೊಳಗಿನ ಲಿಂಗದ ಕಾಯಿಯನ್ನು ಮುಟ್ಟಿ ನೋಡಿಕೊಂಡ, ಕಣ್ಣು ಮುಚ್ಚಿದ, ಬೆನ್ನು ತೋರಿಸಿ ನಿಂತ. "ಹೇರ್ರಿ. ತಿನ್ನೂದಿಲ್ಲ ಅಂದೀನಿ, ಹೊರೂದಿಲ್ಲ ಅಂದಿಲ್ಲ. ನಮ್ಮವ್ವನ ಮುಂದ ಮಾತ್ರ ಯಾರೂ ಬಾಯಿ ಬಿಡಬ್ಯಾಡ್ರಿ." ಹತ್ತು ಹೆಜ್ಜೆ ನಡೆದು ಮತ್ತೆ ಅಂದ: "ಆದ್ರ ಚೀಲ ಭಾಳ ಛಲೋ ಐತಿ. ಹೆಗಲಿಗೆ ತೂಕ ಗೊತ್ತ ಆಗವಲ್ದು!"

ಏರಿನಲ್ಲಿ ಮುದುಕನೂ ಅಖ್ತರಿ ಬೇಗಮರೂ ಹಿಂದೆ ಬಿದ್ದರು. ಅವನು ಕುಂಟುವುದೂ ಅವರು ಏದುಸಿರು ಬಿಡುವುದೂ ಒಂದೇ ಲಯಕ್ಕೆ ಬಂದಿತ್ತು. ಒಂದು ತಿರುವಿನಲ್ಲಿ ಕಮರ್ ನಿಂತು ಕಾದ. "ಜಿಂಕೆ ನಿಲ್ಲುತ್ತದೆ ಅಂತ ನಿಮಗೆ ಹೇಗೆ ಗೊತ್ತಾಯಿತು?" ಎಂದು ಮುದುಕನನ್ನು ಕೇಳಿದ.

"ನಿಲ್ಲುತ್ತದೆ. ಈ ಜಾತಿಯ ಗಂಡು ಓಡಿದರೂ, ದಾಟಿಹೋಗುವ ಮೊದಲು ಬೆದರಿಸಿದ್ದು ಏನೆಂದು ತಿರುಗಿ ನೋಡಿಯೇ ನೋಡುತ್ತದೆ. ನೀನು ಅದು ಏಳುತ್ತಿರುವಾಗಲೇ ಹೊಡೆದೆ. ಏಳಲಿ, ಮೈ ಮುರಿಯಲಿ, ಹೊಸ ನೆರಳಿನ ಕಡೆ ಎರಡು ಹೆಜ್ಜೆ ಇಡಲಿ. ನಾಲ್ಕು ವರ್ಷ ಕಾದವನಿಗೆ ನಾಲ್ಕು ಉಸಿರು ಕಾಯಲಾಗಲಿಲ್ಲವೇ?"

ಕಮರ್ ಕೆಂಪಾದ. ಮುದುಕ ಉಸಿರು ತೆಗೆದುಕೊಳ್ಳಲು ಅಲ್ಲೇ ನಿಂತ. ಪಡುವಣ ತುದಿಯನ್ನು ನೋಡಿದ, ಕಮರ್‌ನನ್ನು ನೋಡಿದ. "ಮುಂದಿನ ಭಾನುವಾರಕ್ಕೆ ಸೀಸನ್ ಮುಗಿಯುತ್ತದೆ. ಶನಿವಾರ ಬಾ. ನಾನು ಕೂರುವ ಜಾಗ ತೋರಿಸುತ್ತೇನೆ. ನನ್ನ ಅಳಿಯನಿಗೂ ತೋರಿಸಿಲ್ಲ."

ಮುಂದಿದ್ದ ಚನ್ನವೀರ ಭಾರದ ಸಮೇತ ತಿರುಗಿ ಫೋನ್ ಎತ್ತಿದ. "ಲೊಕೇಶನ್ ಪಿನ್ ಮಾಡ್ಲಾ?"

ಯಾವ ಭಾಷೆಯೆಂದು ತಿಳಿಯದಿದ್ದರೂ ಮುದುಕನಿಗೆ ಫೋನ್ ಅರ್ಥವಾಯಿತು. "ಅದನ್ನು ಒಳಗಿಡು," ಎಂದು ಗದರಿದ.

ಮರಳುವಾಗ ಅಲ್ಪೈನ್ ಊರು ಬಂದು, ನೆಟ್‌ವರ್ಕ್ ಸಿಕ್ಕ ಕೂಡಲೇ ಕಾರಿನ ಸ್ಪೀಕರಿನಲ್ಲಿ ಕಮರ್‌ನ ಫೋನ್ ಬಡಿದುಕೊಂಡಿತು. ರಿಮ್ಶಾ. ಚನ್ನವೀರ ಜೊತೆಗಿದ್ದಾನೆಂದು ಕನ್ನಡದಲ್ಲೇ ಶುರುಮಾಡಿದಳು: "ಏನಾಯ್ತು? ಸಿಕ್ತಾ?"

ಅಖ್ತರಿ ಬೇಗಮ್ ಕಿಟಕಿಯ ಕಡೆ ಮುಖ ಮಾಡಿದರು. ಈ ಸಲ ತಾವು ಬಾಯಿ ಬಿಡಬಾರದು. ಅವನ ಉಗುರುಗಳಲ್ಲಿ ರಕ್ತ ಇನ್ನೂ ಇತ್ತು; ಹೇಗೆ ಬೇಕಾದರೂ ಹೇಳಬಹುದಿತ್ತು.

"ನಾನು ಹೊಡೆದದ್ದು ಬಂಡೆಗೆ," ಎಂದ ಕಮರ್. "ಆಮೇಲೆ ಇನ್ನೊಬ್ಬರ ಜಿಂಕೆಗೆ ನನ್ನ ಹೆಸರು ಬರೆಯೋದ್ರಲ್ಲಿದ್ದೆ. ಅಮ್ಮಿ ಬಿಡಲಿಲ್ಲ. ಮನೆಗೆ ಬಂದು ಎಲ್ಲಾ ಹೇಳ್ತೀನಿ."

ಆ ಕಡೆಯಿಂದ ರಿಮ್ಶಾಳ ದನಿ, ಛೇಡಿಕೆಯೇ, ಆದರೆ ಮೆತ್ತಗೆ: "ಬಂಡೆ ಬೇಯೋದು ಲೇಟಾಗತ್ತೆ. ಬರ್ತಾ ಕೋಳಿ ತಗೊಂಡು ಬನ್ನಿ."

"ನನಗ ಬದನಿಕಾಯಿ ಅಂತ ಹೇಳೋ!" ಹಿಂದಿನ ಸೀಟಿನಿಂದ ಚನ್ನವೀರ ಕೂಗಿದ.

ಕಮರ್ ಜೋರಾಗಿ ನಕ್ಕುಬಿಟ್ಟ. ಆ ನಗುವನ್ನು ಅಖ್ತರಿ ಬೇಗಮ್ ಮುಖ ತಿರುಗಿಸದೆ, ಕಿಟಕಿಯ ಗಾಜಿನಲ್ಲೇ ನೋಡಿದರು.